ಶಾಖೆಯ ಕಂಪ್ಯೂಟರನ್ನು ನೆಟ್‌ವರ್ಕ್ ಬ್ಯಾಕಪ್‌ಗೆ ಅಣಿಗೊಳಿಸುವ ಬಗೆ

ಕಳೆದ ಮಳೆಗಾಲದಲ್ಲಿ ನಮ್ಮ ಒಂದು ಶಾಖೆಯ ಕಂಪ್ಯೂಟರಿಗೆ ಸಿಡಿಲು ಬಡಿಯಿತು. ಯಂತ್ರ ಹೋದರೆ ಹೊಸದು ತರಬಹುದು, ತಂದದ್ದೂ ಆಯಿತು. ಆದರೆ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇದ್ದದ್ದು ಮರಳಿ ಬರಲಿಲ್ಲ. ಸದಸ್ಯರ ಪಟ್ಟಿ, ಹಲವು ವರ್ಷಗಳ ಕಾರ್ಯಕ್ರಮಗಳ ಫೋಟೋಗಳು, ಕನ್ನಡ ಮಾಧ್ಯಮ ಶಾಲೆಗೆ ಶಿಕ್ಷಕರ ಹುದ್ದೆ ಕೇಳಿ ಬರೆದ ಅರ್ಜಿಗಳು, ಅವಕ್ಕೆ ಬಂದ ಉತ್ತರಗಳ ಸ್ಕ್ಯಾನ್ ಪ್ರತಿಗಳು, ಎಲ್ಲವೂ ಅದೊಂದರಲ್ಲೇ ಇದ್ದವು. “ಪೆನ್ ಡ್ರೈವಿಗೆ ಹಾಕಿಟ್ಟಿದ್ದೆವಲ್ಲ ಮಾಸ್ಟ್ರೇ” ಎಂದು ಖಜಾಂಚಿಯವರು ಕಪಾಟು ಹುಡುಕಿದರು. ಪೆನ್ ಡ್ರೈವ್ ಸಿಕ್ಕಿತು. ಅದರಲ್ಲಿದ್ದದ್ದು ನಾಲ್ಕು ವರ್ಷ ಹಿಂದಿನ ಒಂದು ಆಮಂತ್ರಣ ಪತ್ರಿಕೆ ಮಾತ್ರ.

ಗಡಿಯಾಚೆ ಇರುವ ನಮಗೆ ಈ ಕಾಗದಪತ್ರಗಳು ಬರೀ ನೆನಪಿನ ಸಾಮಾನಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ, ನಿಜ. ಆದರೆ ಕಚೇರಿಗೆ ಹೋದಾಗ ಮೊದಲು ಕೇಳುವುದು ವಿಧಿಯ ಸಂಖ್ಯೆಯನ್ನಲ್ಲ, ಹಿಂದಿನ ಪತ್ರದ ಸಂಖ್ಯೆ ಮತ್ತು ತಾರೀಕನ್ನು. ಅದು ಕೈಯಲ್ಲಿಲ್ಲದಿದ್ದರೆ ಕೆಲಸ ಮತ್ತೆ ಮೊದಲಿನಿಂದ ಶುರು. ಆದ್ದರಿಂದ ಶಾಖೆಗಳ ಕಂಪ್ಯೂಟರುಗಳನ್ನು ಕೇಂದ್ರ ಕಚೇರಿಯ ಬ್ಯಾಕಪ್ ಸರ್ವರಿಗೆ ಜೋಡಿಸುವ ಕೆಲಸ ಕೈಗೆತ್ತಿಕೊಂಡಿದ್ದೇವೆ. ಅದಕ್ಕಾಗಿ ಪ್ರತಿ ಶಾಖೆಯಲ್ಲಿ ಮಾಡಬೇಕಾದದ್ದನ್ನು ಇಲ್ಲಿ ಬರೆದಿದ್ದೇವೆ. ಕಂಪ್ಯೂಟರಿನಲ್ಲಿ ಪತ್ರ ಟೈಪ್ ಮಾಡಿ ಇಮೇಲ್ ಕಳಿಸಬಲ್ಲ ಯಾರೂ ಇದನ್ನು ಮಾಡಬಹುದು.

ಕ್ಲೈಂಟ್ ಎಂದರೆ ಯಾವುದು

ಪ್ರತಿಗಳನ್ನು ಜೋಪಾನವಾಗಿಡುವ ಕಂಪ್ಯೂಟರ್ ಸರ್ವರ್. ಯಾವುದರೊಳಗಿನ ಕಡತಗಳ ಪ್ರತಿ ಆಗಬೇಕೋ ಅದು ಕ್ಲೈಂಟ್, ಅಂದರೆ ನಿಮ್ಮ ಶಾಖೆಯ ಮೇಜಿನ ಮೇಲಿರುವ ಯಂತ್ರ. ಕ್ಲೈಂಟಿನಲ್ಲಿ ಒಂದು ಚಿಕ್ಕ ತಂತ್ರಾಂಶ ಹಿನ್ನೆಲೆಯಲ್ಲಿ ಸದಾ ಓಡುತ್ತಿರುತ್ತದೆ. ಗೊತ್ತಾದ ಹೊತ್ತಿಗೆ ಸರ್ವರ್ ಅದನ್ನು ಮಾತಾಡಿಸಿ, ಬದಲಾದ ಕಡತಗಳನ್ನು ತಾನೇ ಎಳೆದುಕೊಳ್ಳುತ್ತದೆ.

ಈ ‘ಎಳೆದುಕೊಳ್ಳುವುದು’ ಎಂಬುದರಲ್ಲೇ ಇದರ ಗುಟ್ಟಿದೆ. ನೆಟ್‌ವರ್ಕಿನಲ್ಲಿ ಒಂದು ಹಂಚಿಕೆಯ ಫೋಲ್ಡರ್ ಮಾಡಿ, ದಿನಾ ಸಂಜೆ ಅದಕ್ಕೆ ಕಾಪಿ ಹೊಡೆದರೆ ಸಾಲದೇ ಎಂದು ಹಲವರು ಕೇಳಿದ್ದಾರೆ. ಸಾಲದು. ನೀವು ಬರೆಯಬಲ್ಲ ಫೋಲ್ಡರಿಗೆ ನಿಮ್ಮ ಕಂಪ್ಯೂಟರಿಗೆ ಹೊಕ್ಕ ವೈರಸ್ಸೂ ಬರೆಯಬಲ್ಲದು. 2017ರ ಮೇ 12ರಂದು ಹಬ್ಬಿದ ವನ್ನಾಕ್ರೈ ಬಗೆಯ ಸುಲಿಗೆ ತಂತ್ರಾಂಶಗಳು ತಮ್ಮ ಕೈಗೆ ಎಟುಕಿದ ಕಡತಗಳನ್ನೆಲ್ಲ ಬೀಗ ಹಾಕಿ ಹಣ ಕೇಳುತ್ತವೆ. ಹಂಚಿಕೆಯ ಫೋಲ್ಡರೂ ಎಟುಕುವ ಜಾಗವೇ. ಗೂಗಲ್ ಡ್ರೈವಿನಂಥ ಸಿಂಕ್ ವ್ಯವಸ್ಥೆಯ ತೊಂದರೆ ಇನ್ನೊಂದು ಬಗೆಯದು. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಅಳಿಸಿದ್ದು ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಹೋಗುತ್ತದೆ. ವರ್ಷಕ್ಕೊಮ್ಮೆ ತೆರೆಯುವ ಸಂಘದ ಕಡತ ಕಾಣೆಯಾದದ್ದು 30 ದಿನದೊಳಗೆ ಯಾರಿಗೆ ತಿಳಿಯುತ್ತದೆ? ಸರ್ವರ್ ಎಳೆದುಕೊಳ್ಳುವ ಪದ್ಧತಿಯಲ್ಲಿ ಕ್ಲೈಂಟಿಗೆ ಉಗ್ರಾಣದ ಬೀಗದ ಕೈ ಇರುವುದಿಲ್ಲ. ಇವತ್ತಿನ ಕಡತ ಕೆಟ್ಟರೂ ಕಳೆದ ವಾರದ ಪ್ರತಿ ಅಲ್ಲಿ ಹಾಗೆಯೇ ಇರುತ್ತದೆ.

ನಾವು ಆರಿಸಿಕೊಂಡಿರುವುದು ಯುಆರ್‌ಬ್ಯಾಕಪ್ ಎಂಬ ಮುಕ್ತ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ. ಇದೇ ಕೆಲಸಕ್ಕೆ ಬಾಕುಲಾ, ಬ್ಯಾಕಪ್‌ಪಿಸಿ ಮುಂತಾದವೂ ಇವೆ. ದೊಡ್ಡ ಕಚೇರಿಗಳಿಗೆ ಬಾಕುಲಾ ಚೆನ್ನು, ಆದರೆ ಅದರ ಸಂರಚನಾ ಕಡತಗಳನ್ನು ಕೈಯಿಂದಲೇ ತಿದ್ದಬೇಕು. ಸಂಜೆ ಎರಡು ಗಂಟೆ ಬಾಗಿಲು ತೆರೆಯುವ ನಮ್ಮ ಶಾಖೆಗಳಿಗೆ ಅದು ಹೊರೆ ಎಂದು ನಮಗನ್ನಿಸಿತು.

ಸ್ಥಾಪಿಸುವ ಮುನ್ನ

ಅರ್ಧ ಕೆಲಸ ಇಲ್ಲೇ ಇದೆ. ಇದನ್ನು ಬಿಟ್ಟು ನೇರವಾಗಿ ತಂತ್ರಾಂಶ ಹಾಕಿದ ಕಡೆಯಲ್ಲೆಲ್ಲ ನಾವು ಎರಡನೆಯ ಸಲ ಹೋಗಬೇಕಾಯಿತು.

ಮೊದಲು ಕಂಪ್ಯೂಟರಿಗೆ ಸರಿಯಾದ ಹೆಸರಿಡಿ. ವಿಂಡೋಸ್ ತಾನಾಗಿ ‘ಡೆಸ್ಕ್‌ಟಾಪ್’ ಎಂದು ಶುರುವಾಗಿ ಅರ್ಥವಿಲ್ಲದ ಅಕ್ಷರ, ಅಂಕಿಗಳಲ್ಲಿ ಮುಗಿಯುವ ಹೆಸರು ಕೊಟ್ಟಿರುತ್ತದೆ. ಸರ್ವರ್ ಕ್ಲೈಂಟನ್ನು ಗುರುತಿಸುವುದು ಈ ಹೆಸರಿನಿಂದಲೇ. ಅಂಗಡಿಯವರು ಒಂದೇ ಅಚ್ಚಿನಿಂದ ತಯಾರಿಸಿಕೊಟ್ಟ ಎರಡು ಯಂತ್ರಗಳಿಗೆ ಒಂದೇ ಹೆಸರಿದ್ದರೆ ಗೊಂದಲ ಖಂಡಿತ. ಊರಿನ ಹೆಸರು ಮತ್ತು ಒಂದು ಅಂಕಿ ಸಾಕು: ಹೊಸೂರು 1, ಅಕ್ಕಲಕೋಟೆ 2, ಹೀಗೆ. ಇದೊಂದನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, 15 ಅಕ್ಷರದೊಳಗೆ ಬರೆಯಿರಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಲ್ಲಿ ಅಬೌಟ್‌ಗೆ ಹೋದರೆ ಹೆಸರು ಬದಲಿಸುವ ಗುಂಡಿ ಇದೆ. ಬದಲಿಸಿದ ಮೇಲೆ ಒಮ್ಮೆ ಆರಿಸಿ ಹೊತ್ತಿಸಬೇಕು.

ಆಮೇಲೆ ಕಡತಗಳು ಎಲ್ಲೆಲ್ಲಿವೆ ಎಂದು ನೋಡಿ. ಸಾಮಾನ್ಯವಾಗಿ ಡೆಸ್ಕ್‌ಟಾಪ್ ಮೇಲೆ ಒಂದಷ್ಟು, ಡೌನ್‌ಲೋಡ್ಸ್‌ನಲ್ಲಿ ಒಂದಷ್ಟು, ಡಿ ಡ್ರೈವಿನಲ್ಲಿ ‘ನ್ಯೂ ಫೋಲ್ಡರ್ 3’ ಎಂಬ ಹೆಸರಿನಲ್ಲಿ ಉಳಿದದ್ದು. ಇವನ್ನೆಲ್ಲ ಡಿ ಡ್ರೈವಿನ ಒಂದೇ ದೊಡ್ಡ ಫೋಲ್ಡರಿನೊಳಗೆ ತನ್ನಿ. ಕಾರ್ಯಕ್ರಮದ ಫೋಟೋಗಳು ಬಹುಪಾಲು ಪದಾಧಿಕಾರಿಗಳ ಮೊಬೈಲಿನಲ್ಲೇ ಉಳಿದಿರುತ್ತವೆ, ಅವೂ ಬರಲಿ. ವಾಟ್ಸಾಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಕೇಬಲ್ ಹಾಕಿ ಮೂಲ ಕಡತವನ್ನೇ ಇಳಿಸಿಕೊಳ್ಳಿ.

ಕನ್ನಡದವರಿಗೆ ಮಾತ್ರ ಬರುವ ಎರಡು ತೊಡಕುಗಳಿವೆ. ಇಂಗ್ಲಿಷ್ ಕೈಪಿಡಿಗಳಲ್ಲಿ ಇವು ಸಿಗುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಮೊದಲನೆಯದು ಫಾಂಟ್. ನುಡಿ, ಬರಹ, ಶ್ರೀಲಿಪಿಗಳಲ್ಲಿ ಯೂನಿಕೋಡ್ ಬರುವ ಮುಂಚಿನ ಪದ್ಧತಿಯಲ್ಲಿ ಟೈಪ್ ಮಾಡಿದ ಕಡತಗಳು ನಮ್ಮ ಎಲ್ಲ ಶಾಖೆಗಳಲ್ಲೂ ರಾಶಿ ಬಿದ್ದಿವೆ. ಅಂಥ ಕಡತದ ಒಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅದನ್ನು ಕನ್ನಡವಾಗಿ ಕಾಣಿಸುವುದು ಆ ಫಾಂಟ್. ಬ್ಯಾಕಪ್‌ನಿಂದ ಕಡತ ಮರಳಿ ಪಡೆದಿರಿ, ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ ಎಂದರೆ ಕಾಣುವುದು ಅರ್ಥವಿಲ್ಲದ ಗೀಚು. ಕಡತ ಕೆಟ್ಟಿದೆ ಎಂದುಕೊಂಡು ಅದನ್ನು ಅಳಿಸಿಬಿಟ್ಟವರನ್ನೂ ನಾವು ಕಂಡಿದ್ದೇವೆ. ಬಳಸುವ ಫಾಂಟ್‌ಗಳ ಕಡತಗಳನ್ನು ಸಂಘದ ಫೋಲ್ಡರಿನಲ್ಲೇ ‘ಫಾಂಟುಗಳು’ ಎಂದು ಒಂದು ಉಪಫೋಲ್ಡರ್ ಮಾಡಿ ಹಾಕಿಡಿ. ಅವು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಲ್ಲಿ ಇರುತ್ತವೆ. ಈಚಿನ ವಿಂಡೋಸ್‌ಗಳಲ್ಲಿ ಒಬ್ಬ ಬಳಕೆದಾರರಿಗಷ್ಟೇ ಹಾಕಿದ ಫಾಂಟ್ ಅವರ ಖಾತೆಯ ಆಪ್‌ಡೇಟಾ ಫೋಲ್ಡರಿನೊಳಗೆ ಅಡಗಿರಬಹುದು, ಅಲ್ಲೂ ನೋಡಿ. ಮುಖ್ಯ ಪತ್ರಗಳಿಗೆ ಒಂದು ಪಿಡಿಎಫ್ ಪ್ರತಿಯನ್ನೂ ಮಾಡಿಟ್ಟರೆ ಅಕ್ಷರ ಅದರೊಳಗೇ ಸೇರಿಕೊಳ್ಳುತ್ತದೆ. ಸ್ಮರಣ ಸಂಚಿಕೆಗಳನ್ನು ಪೇಜ್‌ಮೇಕರಿನಲ್ಲಿ ಮಾಡಿದವರು ಇನ್ನೊಂದು ವಿಷಯ ಗಮನಿಸಬೇಕು. ದೊಡ್ಡ ಚಿತ್ರಗಳು ಪುಟದ ಕಡತದೊಳಗೆ ಇರದೆ ಬೇರೆ ಜಾಗದಿಂದ ಕೊಂಡಿಯಾಗಿ ಬರುತ್ತಿರಬಹುದು. ಆ ಚಿತ್ರಗಳ ಫೋಲ್ಡರೂ ಜೊತೆಗೇ ಇರಲಿ.

ಎರಡನೆಯದು ಕಡತದ ಹೆಸರಿನ ಉದ್ದ. ವಿಂಡೋಸ್‌ನಲ್ಲಿ ಒಂದು ಹೆಸರಿಗೆ 255 ಅಕ್ಷರ ಸಂಕೇತಗಳವರೆಗೆ ಅವಕಾಶ. ನಮ್ಮ ಸರ್ವರ್ ಓಡುವುದು ಲಿನಕ್ಸ್ ಮೇಲೆ. ಅಲ್ಲಿ ಮಿತಿ 255 ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ಅಂದರೆ 85 ಸಂಕೇತಗಳಿಗೆ ಜಾಗ ಮುಗಿಯಿತು. ಅದರಲ್ಲೂ ಒತ್ತಕ್ಷರ, ಕಾಗುಣಿತಗಳೆಲ್ಲ ಬೇರೆಬೇರೆಯಾಗಿ ಎಣಿಕೆಯಾಗುತ್ತವೆ. ‘ರಾಜ್ಯೋತ್ಸವ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಯಂತ್ರಕ್ಕೆ 10 ಸಂಕೇತ, 30 ಬೈಟ್. ಕಾರ್ಯಕ್ರಮದ ಪೂರ್ತಿ ಹೆಸರು, ಅಧ್ಯಕ್ಷರ ಹೆಸರು, ಜಾಗ ಎಲ್ಲವನ್ನೂ ಕಡತದ ಹೆಸರಿನಲ್ಲೇ ಬರೆಯುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಅಂಥ ಹೆಸರನ್ನು ಕೆಲವು ಬ್ಯಾಕಪ್ ತಂತ್ರಾಂಶಗಳು ಕತ್ತರಿಸುತ್ತವೆ, ಕೆಲವು ಆ ಕಡತವನ್ನೇ ಬಿಟ್ಟು ಮುಂದೆ ಹೋಗುತ್ತವೆ. ವರ್ಷ, ತಿಂಗಳು, ದಿನ ಮೊದಲು ಅಂಕಿಯಲ್ಲಿ ಬರೆದು, ಆಮೇಲೆ ಮೂರು ನಾಲ್ಕು ಪದ ಸಾಕು. ಹೀಗೆ ಬರೆದರೆ ಪಟ್ಟಿಯೂ ತಾನಾಗಿ ಕಾಲಕ್ರಮದಲ್ಲಿ ನಿಲ್ಲುತ್ತದೆ.

ಕೊನೆಯದಾಗಿ, ಕಂಪ್ಯೂಟರ್ ಅರ್ಧ ಗಂಟೆ ಮುಟ್ಟದಿದ್ದರೆ ನಿದ್ರೆಗೆ ಹೋಗುವ ವ್ಯವಸ್ಥೆಯನ್ನು ಪವರ್ ಸೆಟ್ಟಿಂಗ್ಸ್‌ನಲ್ಲಿ ತೆಗೆದುಹಾಕಿ. ಮಲಗಿದ ಯಂತ್ರವನ್ನು ಸರ್ವರ್ ಕರೆದರೆ ಉತ್ತರ ಬರುವುದಿಲ್ಲ.

ಸ್ಥಾಪನೆ

ಸರ್ವರಿನ ನಿರ್ವಹಣಾ ಪುಟ ಸಾಮಾನ್ಯವಾಗಿ 55414ನೇ ಪೋರ್ಟಿನಲ್ಲಿ ತೆರೆಯುತ್ತದೆ. ಹೊಸ ಕ್ಲೈಂಟನ್ನು ಅಲ್ಲಿ ಸೇರಿಸಿ, ಆ ಕ್ಲೈಂಟಿಗೆಂದೇ ತಯಾರಾದ ಸ್ಥಾಪನಾ ಕಡತವನ್ನು ನಾವು ಶಾಖೆಗೆ ಕಳಿಸುತ್ತೇವೆ. ಇದರೊಳಗೆ ಸರ್ವರಿನ ವಿಳಾಸ ಮತ್ತು ಗುರುತಿನ ಕೀಲಿ ಮೊದಲೇ ಕೂತಿರುತ್ತವೆ. ಹಾಗಾಗಿ ಒಂದು ಶಾಖೆಗೆ ಕಳಿಸಿದ್ದನ್ನು ಇನ್ನೊಂದು ಶಾಖೆಗೆ ದಾಟಿಸಬೇಡಿ, ವಾಟ್ಸಾಪ್ ಗುಂಪಿಗಂತೂ ಹಾಕಲೇಬೇಡಿ. (ತಮ್ಮದೇ ಸರ್ವರ್ ಹೂಡಲು ಹೊರಟ ಸದಸ್ಯರಿಗೆ ಒಂದು ಮಾತು: ಹೊಸದಾಗಿ ಹಾಕಿದ ಸರ್ವರಿನ ನಿರ್ವಹಣಾ ಪುಟಕ್ಕೆ ಗುಪ್ತಪದ ಇರುವುದಿಲ್ಲ. ಮೊದಲ ಕೆಲಸವಾಗಿ ನಿರ್ವಾಹಕರ ಖಾತೆ ತೆರೆದು ಗುಪ್ತಪದ ಇಡಿ.)

ಕಡತದ ಮೇಲೆ ಬಲ ಗುಂಡಿ ಒತ್ತಿ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ. ಮುಗಿದ ಮೇಲೆ ಪರದೆಯ ಕೆಳಗೆ, ಗಡಿಯಾರದ ಪಕ್ಕ ಒಂದು ಚಿಕ್ಕ ಚಿಹ್ನೆ ಕೂರುತ್ತದೆ. ಅದರ ಮೇಲೆ ಬಲ ಗುಂಡಿ ಒತ್ತಿದರೆ ಬ್ಯಾಕಪ್ ಆಗಬೇಕಾದ ಫೋಲ್ಡರುಗಳನ್ನು ಸೇರಿಸುವ ಆಯ್ಕೆ ಸಿಗುತ್ತದೆ. ಸಂಘದ ಫೋಲ್ಡರನ್ನು ಸೇರಿಸಿ. ಜೊತೆಗೆ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಇರುವ ಬಳಕೆದಾರರ ಫೋಲ್ಡರನ್ನೂ ಸೇರಿಸಿ, ಏಕೆಂದರೆ ಎಷ್ಟು ಹೇಳಿದರೂ ಮುಂದಿನ ತಿಂಗಳ ಹೊತ್ತಿಗೆ ಹೊಸ ಕಡತಗಳು ಡೆಸ್ಕ್‌ಟಾಪ್ ಮೇಲೆಯೇ ಬಂದಿರುತ್ತವೆ. ಬ್ರೌಸರಿನ ತಾತ್ಕಾಲಿಕ ಕಡತಗಳು, ಕಸದ ಬುಟ್ಟಿ, ಯಾರೋ ಇಳಿಸಿಟ್ಟ ಸಿನಿಮಾಗಳು ಇವನ್ನು ಹೊರಗಿಡುವ ಪಟ್ಟಿಗೆ ಹಾಕಬೇಕು. ಅದನ್ನು ಸರ್ವರಿನಿಂದಲೇ ನಾವು ಮಾಡುತ್ತೇವೆ. ನೆಟ್‌ವರ್ಕಿನಿಂದ ಜೋಡಿಸಿಕೊಂಡ ಡ್ರೈವುಗಳನ್ನು ಪಟ್ಟಿಗೆ ಸೇರಿಸಿ ಪ್ರಯೋಜನವಿಲ್ಲ. ಈ ತಂತ್ರಾಂಶ ಓಡುವುದು ನಿಮ್ಮ ಖಾತೆಯಲ್ಲಲ್ಲ, ಸಿಸ್ಟಮ್ ಖಾತೆಯಲ್ಲಿ. ಅದಕ್ಕೆ ನಿಮ್ಮ ಜೋಡಣೆಗಳು ಕಾಣುವುದಿಲ್ಲ.

ತೆರೆದಿರುವ ಕಡತದ ಗತಿ ಏನು ಎಂದು ಕೇಳಬಹುದು. ವಿಂಡೋಸ್‌ನಲ್ಲಿ ಶ್ಯಾಡೋ ಕಾಪಿ ಎಂಬ ವ್ಯವಸ್ಥೆ ಆ ಕ್ಷಣದ ಡಿಸ್ಕಿನ ಸ್ಥಿತಿಯನ್ನು ಹಿಡಿದಿಟ್ಟು ಕೊಡುತ್ತದೆ, ಹಾಗಾಗಿ ನೀವು ಪತ್ರ ಬರೆಯುತ್ತಿರುವಾಗಲೂ ಪ್ರತಿ ಆಗುತ್ತದೆ. ಆದರೂ ಟ್ಯಾಲಿಯಲ್ಲಿ ಲೆಕ್ಕ ಇಡುವ ಶಾಖೆಯವರು ಟ್ಯಾಲಿಯದೇ ಬ್ಯಾಕಪ್ ಆಯ್ಕೆಯಿಂದ ವಾರಕ್ಕೊಮ್ಮೆ ಒಂದು ಪ್ರತಿ ತೆಗೆದು ಸಂಘದ ಫೋಲ್ಡರಿನಲ್ಲಿ ಇಡುವುದು ಒಳ್ಳೆಯದು. ಅರ್ಧ ಬರೆದ ಲೆಕ್ಕ ಸಿಕ್ಕರೆ ಲೆಕ್ಕ ಪರಿಶೋಧಕರ ಮುಂದೆ ಕಷ್ಟ.

ಸರ್ವರ್ ಮತ್ತು ಕ್ಲೈಂಟ್ ಒಂದೇ ಕಟ್ಟಡದ ನೆಟ್‌ವರ್ಕಿನಲ್ಲಿದ್ದರೆ ಎರಡೂ ಒಂದನ್ನೊಂದು ತಾವೇ ಹುಡುಕಿಕೊಳ್ಳುತ್ತವೆ. ಹುಡುಕಿಕೊಳ್ಳದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಫೈರ್‌ವಾಲ್. ವಿಂಡೋಸ್‌ನ ಸ್ವಂತ ಫೈರ್‌ವಾಲಿಗೆ ಸ್ಥಾಪನೆಯ ಹೊತ್ತಿಗೇ ಅನುಮತಿ ಸೇರುತ್ತದೆ. ಆದರೆ ಅಂಗಡಿಯವರು ಹಾಕಿಕೊಟ್ಟ ಆಂಟಿವೈರಸ್‌ನಲ್ಲಿ ಪ್ರತ್ಯೇಕ ಫೈರ್‌ವಾಲ್ ಇದ್ದರೆ ಅದರಲ್ಲಿ ಟಿಸಿಪಿ 35621 ಮತ್ತು 35623, ಯುಡಿಪಿ 35622 ಈ ಮೂರು ಪೋರ್ಟುಗಳಿಗೆ ದಾರಿ ಬಿಡಬೇಕು. ಫೈರ್‌ವಾಲನ್ನೇ ಪೂರ್ತಿ ಆರಿಸುವುದು ಪರಿಹಾರವಲ್ಲ, ದಯವಿಟ್ಟು ಹಾಗೆ ಮಾಡಬೇಡಿ.

ದೂರದ ಶಾಖೆಗಳಿಗೆ

ನಮ್ಮ ಶಾಖೆಗಳು ಬೇರೆಬೇರೆ ರಾಜ್ಯಗಳ ಊರುಗಳಲ್ಲಿರುವುದರಿಂದ ಬಹುತೇಕರಿಗೆ ಅನ್ವಯಿಸುವುದು ಈ ಭಾಗ. ಇಂಟರ್ನೆಟ್ ಮೂಲಕವಾದರೆ ಕ್ಲೈಂಟ್ ತಾನೇ ಸರ್ವರಿನ 55415ನೇ ಪೋರ್ಟಿಗೆ ಹೊರಗೆ ಕರೆ ಮಾಡಿ ಕಾಯುತ್ತದೆ. ಆದ್ದರಿಂದ ಶಾಖೆಯ ರೌಟರಿನಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ. ಬದಲಿಸುವ ಕೆಲಸ ಇರುವುದು ಸರ್ವರ್ ಇರುವ ಕಡೆ. ಈಗ ಹಲವು ಫೈಬರ್ ಸಂಪರ್ಕಗಳಲ್ಲಿ ಕಂಪನಿಯವರು ನೂರಾರು ಗ್ರಾಹಕರಿಗೆ ಒಂದೇ ಹೊರ ವಿಳಾಸ ಹಂಚುತ್ತಾರೆ. ರೌಟರಿನಲ್ಲಿ ಕಾಣುವ ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ಹೀಗೆ ಎಂದು ತಿಳಿಯಬಹುದು. ಅಂಥ ಸಂಪರ್ಕದ ಹಿಂದಿರುವ ಸರ್ವರನ್ನು ಹೊರಗಿನಿಂದ ನೇರವಾಗಿ ಮುಟ್ಟಲಾಗದು. ಸ್ಥಿರ ವಿಳಾಸ ಕೊಳ್ಳಬೇಕು, ಇಲ್ಲವೇ ವಯರ್‌ಗಾರ್ಡ್‌ನಂಥ ಖಾಸಗಿ ಸುರಂಗ ಹೂಡಬೇಕು. ನಾವು ಸ್ಥಿರ ವಿಳಾಸವನ್ನೇ ತೆಗೆದುಕೊಂಡೆವು.

ಮೊದಲ ಬ್ಯಾಕಪ್ ಮುಗಿಯಲು ಎಷ್ಟು ಹೊತ್ತು? ಲೆಕ್ಕ ಸುಲಭ. ಇಲ್ಲಿ ಮುಖ್ಯವಾದದ್ದು ಇಳಿಸುವ ವೇಗವಲ್ಲ, ಏರಿಸುವ ವೇಗ. ಏರಿಸುವ ವೇಗ 10 ಎಂಬಿಪಿಎಸ್ ಇದ್ದರೆ ಸೆಕೆಂಡಿಗೆ 1.25 ಮೆಗಾಬೈಟ್, ಗಂಟೆಗೆ 4.5 ಗಿಗಾಬೈಟ್. ಸಂಘದ ಫೋಲ್ಡರ್ 60 ಗಿಗಾಬೈಟ್ ಇದ್ದರೆ 13 ಗಂಟೆಗೂ ಮೀರುತ್ತದೆ. ಸಂಜೆ 5ರಿಂದ 8ರವರೆಗೆ ಮಾತ್ರ ತೆರೆಯುವ ಕಚೇರಿಯಲ್ಲಿ ಇದು ಐದು ದಿನದ ಕೆಲಸ. ಒಂದು ಶನಿವಾರ ರಾತ್ರಿ ಯಂತ್ರ ಹೊತ್ತಿಸಿಟ್ಟು ಹೋಗುವುದು ಸರಿಯಾದ ದಾರಿ, ಯುಪಿಎಸ್ ಇದ್ದರೆ ಮಾತ್ರ. ಆಮೇಲಿನ ದಿನಗಳಲ್ಲಿ ಬದಲಾದ ಕಡತಗಳಷ್ಟೇ ಹೋಗುತ್ತವೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಬ್ಯಾಕಪ್ ನಡೆಯುವ ಸಮಯವನ್ನು ಶಾಖೆಯ ಬಾಗಿಲು ತೆರೆದಿರುವ ಹೊತ್ತಿಗೆ ಹೊಂದಿಸಬೇಕು. ರಾತ್ರಿ 2 ಗಂಟೆಗೆ ಇಡುವುದು ದೊಡ್ಡ ಕಚೇರಿಗಳ ಪದ್ಧತಿ. ನಮ್ಮಲ್ಲಿ ಹೊರಡುವಾಗ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುತ್ತೇವೆ. ನಿಮ್ಮ ಶಾಖೆ ಯಾವ ದಿನ, ಯಾವ ಹೊತ್ತು ತೆರೆದಿರುತ್ತದೆ ಎಂದು ತಿಳಿಸಿದರೆ ಸರ್ವರಿನಲ್ಲಿ ಹಾಗೆಯೇ ಬರೆದಿಡುತ್ತೇವೆ. ದಾರಿಯುದ್ದಕ್ಕೂ ಮಾಹಿತಿ ಗೂಢಲಿಪಿಯಲ್ಲಿ ಹೋಗುವುದರಿಂದ ನಡುವೆ ಓದುವವರ ಭಯವಿಲ್ಲ. ಇಡೀ ಡಿಸ್ಕಿನ ಪ್ರತಿಬಿಂಬ ತೆಗೆಯುವ ಸೌಲಭ್ಯವೂ ಈ ತಂತ್ರಾಂಶದಲ್ಲಿದೆ, ಆದರೆ ಇಂಟರ್ನೆಟ್ ಮೂಲಕ ಅದನ್ನು ನಾವು ತೆರೆದಿಲ್ಲ. ಅಷ್ಟು ಏರಿಸುವ ಶಕ್ತಿ ನಮ್ಮ ಸಂಪರ್ಕಗಳಿಗಿಲ್ಲ.

ಕೇರಳದ ಕಡೆಯ ಸದಸ್ಯರಲ್ಲಿ ಶಾಲಾ ಶಿಕ್ಷಕರು ಹೆಚ್ಚು. ಅಲ್ಲಿನ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ವಿಂಡೋಸ್ ಅಲ್ಲ, ಲಿನಕ್ಸ್. ಲಿನಕ್ಸಿಗೂ ಈ ಕ್ಲೈಂಟ್ ಇದೆ, ಆದರೆ ಟರ್ಮಿನಲ್‌ನಲ್ಲಿ ಆಜ್ಞೆ ಕೊಟ್ಟು ಹಾಕಬೇಕು. ಡಿಸ್ಕಿನ ಕ್ಷಣಸ್ಥಿತಿ ಹಿಡಿಯುವ ವ್ಯವಸ್ಥೆ ಅಲ್ಲಿ ತಾನಾಗಿ ಇರುವುದಿಲ್ಲ, ಆದ್ದರಿಂದ ಬ್ಯಾಕಪ್ ಹೊತ್ತಿಗೆ ಕಡತ ಮುಚ್ಚಿರುವುದು ಮೇಲು. ಶಾಲೆಗೆ ಸೇರಿದ ಯಂತ್ರದಲ್ಲಿ ಸಂಘದ ತಂತ್ರಾಂಶ ಹಾಕುವ ಮುನ್ನ ಮುಖ್ಯೋಪಾಧ್ಯಾಯರ ಒಪ್ಪಿಗೆ ಬೇಕೇ ಬೇಕು. ಇನ್ನು ವಿಂಡೋಸ್ 10 ಬಳಸುವವರಿಗೆ: ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕ್ಲೈಂಟ್ ಅದರಲ್ಲಿ ಓಡುತ್ತದೆ. ಯಂತ್ರ ಬದಲಿಸುವ ಯೋಚನೆ ಮಾತ್ರ ಮುಂದೂಡಬೇಡಿ.

ಮರಳಿ ಪಡೆದು ನೋಡುವುದು

ಚಿಹ್ನೆ ಕಾಣುತ್ತಿದೆ, ಬ್ಯಾಕಪ್ ಆಗುತ್ತಿದೆ ಎಂದು ಸುಮ್ಮನಿರುವುದೇ ದೊಡ್ಡ ಅಪಾಯ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೆಸರಾಂತ ತಂತ್ರಾಂಶ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ತಪ್ಪು ಯಂತ್ರದಲ್ಲಿ ಆಜ್ಞೆ ಕೊಟ್ಟು ಮುಖ್ಯ ದತ್ತಸಂಚಯವನ್ನೇ ಅಳಿಸಿದರು. ಬ್ಯಾಕಪ್ ಇದೆಯಲ್ಲ ಎಂದು ಹುಡುಕಿದರೆ, ನಿತ್ಯದ ಬ್ಯಾಕಪ್ ಆವೃತ್ತಿ ಹೊಂದಿಕೆಯಾಗದೆ ವಿಫಲವಾಗುತ್ತಲೇ ಇತ್ತು. ಅದನ್ನು ತಿಳಿಸಬೇಕಾದ ಇಮೇಲ್‌ಗಳೂ ತಲುಪಿರಲಿಲ್ಲ. ಆರು ಗಂಟೆ ಮುಂಚೆ ಬೇರೆ ಕಾರಣಕ್ಕೆ ತೆಗೆದಿಟ್ಟಿದ್ದ ಒಂದು ಪ್ರತಿ ಅವರನ್ನು ಉಳಿಸಿತು, ನಡುವಿನ ಆರು ಗಂಟೆಯ ದತ್ತಾಂಶ ಹೋಯಿತು. ಇದನ್ನೆಲ್ಲ ಅವರೇ ಬಹಿರಂಗವಾಗಿ ಬರೆದು ಹೇಳಿಕೊಂಡಿದ್ದಾರೆ. ಆ ಪ್ರಾಮಾಣಿಕತೆ ನಮಗೆ ಮೆಚ್ಚುಗೆಯಾಯಿತು.

ಹಾಗಾಗಿ ಮೊದಲ ಬ್ಯಾಕಪ್ ಮುಗಿದ ಮರುದಿನವೇ ಒಂದು ಪರೀಕ್ಷೆ ಮಾಡಿ. ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಪತ್ರ ಒಂದು, ಫೋಟೋ ಒಂದು, ಲೆಕ್ಕದ ಕಡತ ಒಂದು ಆರಿಸಿಕೊಳ್ಳಿ. ಅವುಗಳ ನಕಲನ್ನು ‘ಪರೀಕ್ಷೆ’ ಎಂಬ ಫೋಲ್ಡರಿನಲ್ಲಿಟ್ಟು, ಒಂದು ಬ್ಯಾಕಪ್ ಆಗಲು ಬಿಡಿ. ಬಳಿಕ ಆ ಫೋಲ್ಡರನ್ನು ಅಳಿಸಿ. ಈಗ ಚಿಹ್ನೆಯ ಮೇಲೆ ಬಲ ಗುಂಡಿ ಒತ್ತಿ ಬ್ಯಾಕಪ್‌ಗಳನ್ನು ತೆರೆದು, ತಾರೀಕು ನೋಡಿ, ಫೋಲ್ಡರನ್ನು ಮರಳಿ ಪಡೆಯಿರಿ. ಅಷ್ಟಕ್ಕೇ ನಿಲ್ಲಿಸದೆ ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ, ಸಾಧ್ಯವಾದರೆ ಸದಸ್ಯರೊಬ್ಬರ ಮನೆಯ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿ. ಫಾಂಟಿನ ಸಮಸ್ಯೆ ಇದ್ದರೆ ಬಯಲಾಗುವುದು ಅಲ್ಲೇ. ಮೂರು ತಿಂಗಳಿಗೊಮ್ಮೆ ಕಾರ್ಯಕಾರಿ ಸಮಿತಿ ಸಭೆಯ ದಿನ ಇದನ್ನು ಮತ್ತೆ ಮಾಡಿ, ಮಾಡಿದ ತಾರೀಕನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.

ಸರ್ವರಿಗೂ ಸಿಡಿಲು ಬಡಿಯಬಹುದು. ಛಾಯಾಗ್ರಾಹಕ ಪೀಟರ್ ಕ್ರೋಗ್ ಬಳಕೆಗೆ ತಂದ 3-2-1 ಎಂಬ ಲೆಕ್ಕವೊಂದಿದೆ: ಒಟ್ಟು 3 ಪ್ರತಿ, 2 ಬಗೆಯ ಸಾಧನದಲ್ಲಿ, 1 ಬೇರೆ ಜಾಗದಲ್ಲಿ. ನಿಮ್ಮ ಯಂತ್ರದಲ್ಲಿ ಒಂದು, ಸರ್ವರಿನಲ್ಲಿ ಒಂದು ಆಯಿತು. ಮೂರನೆಯದನ್ನು ತಿಂಗಳಿಗೊಮ್ಮೆ ಹೊರ ಹಾರ್ಡ್ ಡಿಸ್ಕಿಗೆ ತೆಗೆದು ಇನ್ನೊಂದು ಊರಿನ ಶಾಖೆಯ ಕಪಾಟಿನಲ್ಲಿ ಇಡಿಸುತ್ತಿದ್ದೇವೆ. ಆ ಡಿಸ್ಕಿಗೆ ಗೂಢಲಿಪಿ ಹಾಕಿದೆ, ಸದಸ್ಯರ ವಿಳಾಸ, ಫೋನ್ ಸಂಖ್ಯೆಗಳು ಅದರಲ್ಲಿವೆಯಲ್ಲ. ಅದರ ಗುಪ್ತಪದವನ್ನು ಕಾಗದದಲ್ಲಿ ಬರೆದು, ಲಕೋಟೆ ಅಂಟಿಸಿ, ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳ ಬಳಿ ಒಂದೊಂದು ಇಟ್ಟಿದ್ದೇವೆ. ಇದೇ ಸಂದರ್ಭದಲ್ಲಿ ಒಂದು ಕೋರಿಕೆ. ಸದಸ್ಯತ್ವದ ಅರ್ಜಿಯ ಜೊತೆ ಬಂದ ಆಧಾರ್ ಪ್ರತಿಗಳನ್ನು ಕೆಲವು ಶಾಖೆಗಳು ಸ್ಕ್ಯಾನ್ ಮಾಡಿ ಇಟ್ಟುಕೊಂಡಿವೆ. ಸಂಘಕ್ಕೆ ಅವುಗಳ ಅಗತ್ಯವಿಲ್ಲ. ಬ್ಯಾಕಪ್ ಶುರುವಾಗುವ ಮುನ್ನವೇ ಅವನ್ನು ಅಳಿಸಿ. ಒಮ್ಮೆ ಸರ್ವರಿಗೆ ಹೋದದ್ದು ಹಳೆಯ ಪ್ರತಿಗಳಲ್ಲಿ ಬಹುಕಾಲ ಉಳಿಯುತ್ತದೆ.

ಸಿಡಿಲು ಬಡಿದ ಆ ಶಾಖೆಯ ಹೊಸ ಕಂಪ್ಯೂಟರಿಗೆ ಕ್ಲೈಂಟ್ ಹಾಕಿ ಆಗಿದೆ. ಹಳೆಯ ಅರ್ಜಿಗಳ ಕಾಗದದ ಮೂಲಪ್ರತಿಗಳು ಕೆಲವು ಹಿರಿಯ ಸದಸ್ಯರ ಮನೆಗಳಲ್ಲಿ ಸಿಕ್ಕಿವೆ, ಮತ್ತೆ ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ಬಳಿಯೂ ಅಂಥವು ಇದ್ದರೆ ನಿಮ್ಮ ಶಾಖೆಯ ಕಾರ್ಯದರ್ಶಿಗಳಿಗೆ ತಿಳಿಸಿ. ಸ್ಥಾಪನಾ ಕಡತ ಬೇಕಾದ ಶಾಖೆಯವರು ಕಂಪ್ಯೂಟರಿನ ಹೆಸರು, ವಿಂಡೋಸ್ ಆವೃತ್ತಿ, ಕಡತಗಳ ಒಟ್ಟು ಗಾತ್ರ ಮತ್ತು ಕಚೇರಿ ತೆರೆದಿರುವ ಸಮಯ ಇಷ್ಟನ್ನು ಬರೆದು ಕಳಿಸಿದರೆ ಸಾಕು.